ಶವಾಗಾರದಲ್ಲೂ ಸಿಗುತ್ತದೆ ಸೋಂಕಿನ ಲೆಕ್ಕ

ಬೈಕ್ ಅಪಘಾತದಲ್ಲಿ ತೀರಿಕೊಂಡ ನಮ್ಮ ಸೋದರಮಾವನ ದೇಹಕ್ಕಾಗಿ 2021ರ ಮೇ ತಿಂಗಳಲ್ಲಿ ಶವಾಗಾರದ ಮುಂದಿನ ಹುಣಸೆ ಮರದಡಿ ಕಾದಿದ್ದೆ. ಮೂಗಿನ ದ್ರವ ಪರೀಕ್ಷಿಸಿ ‘ಕೋವಿಡ್ ಇಲ್ಲ’ ಎಂದರು. ಅದು ಅಂದಿನ ಮಾತಷ್ಟೇ. ಸೋಂಕು ಮೊದಲೇ ಬಂದುಹೋಗಿತ್ತೇ ಎಂಬುದನ್ನು ರಕ್ತದಲ್ಲಿನ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಹೇಳುತ್ತದೆ.

2020ರ ಸೆಪ್ಟೆಂಬರ್‌ನಲ್ಲಿ ನಡೆದ ರಾಜ್ಯದ ಸಮೀಕ್ಷೆಯು ಶೇ 27.3ರಷ್ಟು ಜನರಿಗೆ ಸೋಂಕು ತಗುಲಿದೆ ಎಂದಿತ್ತು. ಅಂಥ ಸಮೀಕ್ಷೆಗೆ ಜನರನ್ನು ಹುಡುಕಿಕೊಂಡು ಹೋಗಬೇಕು. ಅಪಘಾತ, ಹಾವು ಕಡಿತದಿಂದ ಸತ್ತವರ ದೇಹಗಳು ಮರಣೋತ್ತರ ಪರೀಕ್ಷೆಗೆ ಹೇಗೂ ಬರುತ್ತವೆ. ಮನೆಯವರ ಒಪ್ಪಿಗೆ ಪಡೆದು ಸ್ವಲ್ಪ ರಕ್ತ ತೆಗೆದು ಪ್ರತಿಕಾಯ ಪರೀಕ್ಷಿಸಿದರೆ ಮಾಲೂರು, ಮುಳಬಾಗಿಲಿನಲ್ಲಿ ಸೋಂಕು ಎಷ್ಟು ಹರಡಿದೆ ಎಂಬ ಅಂದಾಜು ಸಿಗುತ್ತದೆ. (ಬರುವವರಲ್ಲಿ ಬೈಕ್ ಸವಾರ ಗಂಡಸರೇ ಹೆಚ್ಚು; ಇಡೀ ಊರಿನ ಲೆಕ್ಕ ಅದಲ್ಲ, ನಿಜ.) ಮುಂದಿನ ಸಾಂಕ್ರಾಮಿಕಕ್ಕೆ ಮೊದಲೇ ಆರೋಗ್ಯ ಇಲಾಖೆ ಈ ಕುರಿತು ಸುತ್ತೋಲೆ ಹೊರಡಿಸಲಿ.

– ಒಬ್ಬ ಓದುಗ, ಕೋಲಾರ