ಕಮಾಂಡ್ ಕೊಟ್ರೆ ಸಾಲ್ದು, ಲಾಗ್ ಓದೋದನ್ನೂ ಹೇಳ್ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹಳೇ ಕಂಪ್ಯೂಟರನ್ನ ಮನೆ ಸರ್ವರ್ (ಫೋಟೋ, ಸಿನಿಮಾ ಇಟ್ಟು ಮನೆಯೋರೆಲ್ಲಾ ಬಳಸೋ, ಸದಾ ಆನ್ ಇರೋ ಮಷಿನ್) ಮಾಡ್ಕೊಳ್ಳೋದು ಹೇಗೆ ಅಂತ ಬಂದಿದ್ದ ಲೇಖನ ಓದ್ದೆ. ಇಂಥ ವಿಷಯ ಕನ್ನಡದಲ್ಲಿ ಬರ್ತಿರೋದು ನೋಡಿ ತುಂಬಾ ಖುಷಿ ಆಯ್ತು. ಆದ್ರೆ ಅದ್ರಲ್ಲಿ ಒಂದಾದ್ಮೇಲೊಂದು ಕಮಾಂಡ್ ಕೊಟ್ಟು, ಟೈಪ್ ಮಾಡಿ ಎಂಟರ್ ಒತ್ತಿ ಅಂತ ಹೇಳಿ ಮುಗಿಸಿದ್ರು, ಆ ಕಮಾಂಡ್ ಏನು ಮಾಡುತ್ತೆ, ಕೆಲ್ಸ ಆಗ್ದಿದ್ರೆ ಎಲ್ಲಿ ನೋಡ್ಬೇಕು ಅನ್ನೋದಕ್ಕೆ ಒಂದು ಸಾಲೂ ಇರ್ಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಆದಷ್ಟು ಕತ್ತರಿ ಹಾಕ್ದೆ ಪ್ರಕಟಿಸಿ ಅಂತ ಕೇಳ್ಕೋತೀನಿ.

ನಾನು ತಿಪಟೂರಲ್ಲಿ ಕಂಪ್ಯೂಟರ್ ಸರ್ವೀಸ್ ಅಂಗಡಿ ನಡೆಸ್ತೀನಿ. 2021ರ ಜೂನ್‌ನಲ್ಲಿ ಗೂಗಲ್ ಫೋಟೋಸ್‌ನವ್ರು ಅನ್‌ಲಿಮಿಟೆಡ್ ಫ್ರೀ ನಿಲ್ಲಿಸಿದ್ಮೇಲೆ, 15 ಜಿಬಿ ತುಂಬೋಯ್ತು ಮನೇಲೇ ಏನಾದ್ರೂ ಮಾಡ್ಕೊಡಿ ಅಂತ ಬರೋರು ಜಾಸ್ತಿ ಆದ್ರು, ಈಗಂತೂ ಹುಡುಗ್ರು ತಾವೇ ಉಬುಂಟು (ವಿಂಡೋಸ್ ಬದ್ಲು ಹಾಕೋ, ಲಿನಕ್ಸ್ ಜಾತಿಯ ಫ್ರೀ ಸಿಸ್ಟಮ್) ಹಾಕ್ಕೊಂಡು ಫೋಟೋಗೆ ಇಮ್ಮಿಚ್, ಸಿನಿಮಾಗೆ ಜೆಲ್ಲಿಫಿನ್, ಜಾಹೀರಾತು ತಡೆಯೋಕೆ ಪೈ-ಹೋಲ್ ಅಂತ ಸೆಟಪ್ ಮಾಡ್ಕೋತಾರೆ. ಇನ್ನೊಂದು ಗುಂಪು ಕ್ರಿಪ್ಟೋ ಮೈನಿಂಗ್ ರಿಗ್, ಅಂದ್ರೆ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸೋ ಮಷಿನ್, ಕಟ್ಟಿದೋರ್ದು. ಎರಡೂ ಕಡೆಯೋರು ಕೆಟ್ಟಾಗ ಹೇಳೋ ಮಾತು ಒಂದೇ, "ಅಣ್ಣಾ, ವಿಡಿಯೋದಲ್ಲಿ ಹೇಳ್ದಂಗೇ ಮಾಡ್ದೆ, ಹೋಗ್ಬಿಡ್ತು, ಫಾರ್ಮ್ಯಾಟ್ ಹೊಡ್ದು ಹೊಸ್ದಾಗಿ ಹಾಕ್ಕೊಡಿ." ನಮ್ಮ ಕಡೆ ತೆಂಗಿನ ತೋಟದಲ್ಲಿ ಮೋಟ್ರು ಓಡ್ಲಿಲ್ಲ ಅಂದ್ರೆ ಯಾರೂ ಮೊದ್ಲೇ ಬೋರಿಂದ ಮೋಟ್ರು ಮೇಲೆತ್ತಲ್ಲ, ಮೂರು ಫೇಸ್ ಬರ್ತಿದ್ಯಾ, ಫ್ಯೂಸ್ ಹೋಗಿದ್ಯಾ, ಸ್ಟಾರ್ಟರ್ ಟ್ರಿಪ್ ಆಗಿದ್ಯಾ ಅಂತ ನೋಡ್ತಾರೆ. ಲಿನಕ್ಸಲ್ಲಿ ಹಾಗೆ ನೋಡೋ ಜಾಗ ಅಂದ್ರೆ ಲಾಗು. ಏನಾಯ್ತು ಅನ್ನೋದನ್ನ ಸಿಸ್ಟಮ್ಮೇ ಅಲ್ಲಿ ಬರೆದಿಟ್ಟಿರುತ್ತೆ, ಓದೋರಿಲ್ಲ ಅಷ್ಟೇ.

ನನ್ಹತ್ರ ಬಂದಿದ್ದ ಒಂದು ಕೇಸು ಪೂರ್ತಿ ಹೇಳ್ತೀನಿ. ಒಬ್ಬ ಡಿಪ್ಲೊಮಾ ಹುಡುಗ ಜೆಲ್ಲಿಫಿನ್ ಹಾಕ್ಕೊಂಡಿದ್ದ, ಸಿನಿಮಾಗಳು ಅವನ ಹೋಮ್ ಫೋಲ್ಡರಲ್ಲಿದ್ವು, ಜೆಲ್ಲಿಫಿನ್‌ಗೆ ಕಾಣ್ತಾ ಇರ್ಲಿಲ್ಲ. ಕಾರಣ ಇಷ್ಟೇ, ಉಬುಂಟು 21.04ರಿಂದ ಈಚೆಗೆ ಹೋಮ್ ಫೋಲ್ಡರ್ ಬೇರೆ ಯೂಸರ್‌ಗಳಿಗೆ ಮುಚ್ಚಿರುತ್ತೆ, ಜೆಲ್ಲಿಫಿನ್ ಓಡೋದು ಅದ್ರದ್ದೇ ಹೆಸರಿನ ಬೇರೆ ಯೂಸರ್ ಆಗಿ. ಯಾವ್ದೋ ವಿಡಿಯೋದಲ್ಲಿ ಸುಡೋ ಸಿಎಚ್‌ಮಾಡ್ ಹೈಫನ್ ಆರ್ 777 ಅಂತ ಕೊಟ್ಟಿದ್ರು, ಅಂದ್ರೆ ಒಳಗಿರೋದನ್ನೆಲ್ಲಾ ಯಾರ್ ಬೇಕಾದ್ರೂ ಓದಬಹುದು ಬರೀಬಹುದು ಅಂತ, ಇವ್ನು ಅದನ್ನ ಹೋಮ್ ಫೋಲ್ಡರ್ ಪೂರ್ತಿ ಮೇಲೆ ಓಡಿಸ್ದ, ಸಿನಿಮಾ ಕಾಣಿಸ್ತು, ಖುಷಿಯಾಗಿದ್ದ. ಮಾರ್ನೇ ದಿನ ಲ್ಯಾಪ್‌ಟಾಪಿಂದ ಎಸ್‌ಎಸ್‌ಎಚ್ ಮಾಡೋಕೆ, ಅಂದ್ರೆ ದೂರದಿಂದ್ಲೇ ಸರ್ವರ್ ಒಳಗೆ ಲಾಗಿನ್ ಆಗೋಕೆ, ಹೋದ್ರೆ ಪರ್ಮಿಷನ್ ಡಿನೈಡ್. ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿ ಕೀ (ಪಾಸ್‌ವರ್ಡ್ ಬದ್ಲು ಲಾಗಿನ್‌ಗೆ ಬಳಸೋ ಫೈಲ್) ಮಾತ್ರ ಇಟ್ಕೊಂಡಿದ್ದ, ಅದು ಒಳ್ಳೇ ಪದ್ಧತಿನೇ, ಆದ್ರೆ ಈಗ ಒಳಗೆ ಹೋಗೋ ದಾರೀನೇ ಇಲ್ಲ. ಕೀ ಹಾಳಾಗಿದೆ ಅಂತ ಹೊಸ ಕೀ ಮಾಡ್ದ, ರೂಟರ್ ರೀಸೆಟ್ ಮಾಡ್ದ, ಕೊನೆಗೆ ಸಿಪಿಯು ಹೊತ್ಕೊಂಡು ಅಂಗಡಿಗೆ ಬಂದ.

ಮಾನಿಟರ್ರು ಕೀಬೋರ್ಡು ಹಾಕಿ ಜರ್ನಲ್‌ಸಿಟಿಎಲ್ ಹೈಫನ್ ಯು ಎಸ್‌ಎಸ್‌ಎಚ್ ಅಂತ ಎಸ್‌ಎಸ್‌ಎಚ್‌ನ ಲಾಗ್ ತೋರಿಸೋ ಕಮಾಂಡ್ ಹೊಡೆದ್ರೆ ಕೊನೇ ಸಾಲುಗಳಲ್ಲೇ ಉತ್ತರ ಇತ್ತು, "ಅಥೆಂಟಿಕೇಶನ್ ರೆಫ್ಯೂಸ್ಡ್, ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್ ಫಾರ್ ಡೈರೆಕ್ಟರಿ" ಅಂತ, ಪಕ್ಕದಲ್ಲೇ ಫೋಲ್ಡರ್ ಹೆಸರು ಸಮೇತ. ಈ ಫೋಲ್ಡರಿನ ಒಡೆತನ ಅಥವಾ ಅನುಮತಿ ಸರಿ ಇಲ್ಲ, ಅದಕ್ಕೇ ಒಳಗೆ ಬಿಡಲ್ಲ ಅಂತ ಅರ್ಥ. ನಿಮ್ಮ ಹೋಮ್ ಫೋಲ್ಡರಲ್ಲಿ ಯಾರ್ ಬೇಕಾದ್ರೂ ಬರೀಬಹುದು ಅಂತ ಇದ್ರೆ ಯಾರ್ ಬೇಕಾದ್ರೂ ಅವರ ಕೀ ತಂದು ಒಳಗಿಡಬಹುದಲ್ವಾ, ಅದಕ್ಕೇ ಎಸ್‌ಎಸ್‌ಎಚ್ ಸರ್ವರ್ ಆ ಫೋಲ್ಡರನ್ನ ನಂಬೋದೇ ಇಲ್ಲ. ಹೋಮ್ ಫೋಲ್ಡರ್‌ಗೆ 750, ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಆಥರೈಸ್ಡ್ ಕೀಸ್ ಫೈಲಿಗೆ 600, ಅಂದ್ರೆ ಓನರ್ ಬಿಟ್ಟು ಬೇರೆ ಯಾರೂ ಬರೀದಂಗೆ ಅನುಮತಿ, ಕೊಟ್ಟ್ ತಕ್ಷಣ ಲಾಗಿನ್ ಆಯ್ತು. ಸಿನಿಮಾಗಳನ್ನ ಹೋಮಿಂದ ಆಚೆ ಬೇರೆ ಫೋಲ್ಡರ್‌ಗೆ ಹಾಕಿ ಜೆಲ್ಲಿಫಿನ್‌ಗೆ ಓದೋ ಅನುಮತಿ ಮಾತ್ರ ಕೊಟ್ವಿ. ಆ ಒಂದು ಸಾಲು ಓದೋದು ಗೊತ್ತಿದ್ದಿದ್ರೆ ಅವನು ಮನೇಲೇ ಕೂತು ಮುಗಿಸ್ತಿದ್ದ.

ಕರೆಂಟ್ ಹೋಗಿ ಬಂದ್ಮೇಲೆ ಸರ್ವರ್ ಏಳ್ತಿಲ್ಲ ಅನ್ನೋ ದೂರು ಮಳೆಗಾಲದಲ್ಲಿ ಸಿಕ್ಕಾಪಟ್ಟೆ. ಸ್ಕ್ರೀನಲ್ಲಿ ಒಂದೂವರೆ ನಿಮಿಷ ಏನನ್ನೋ ಕಾಯುತ್ತೆ, ಆಮೇಲೆ ಯು ಆರ್ ಇನ್ ಎಮರ್ಜೆನ್ಸಿ ಮೋಡ್ ಅಂತ ಬರುತ್ತೆ, ಜನ ಆ ಎಮರ್ಜೆನ್ಸಿ ಅನ್ನೋ ಪದ ನೋಡಿ ಹಾರ್ಡ್‌ಡಿಸ್ಕೇ ಹೋಯ್ತು ಅನ್ಕೊಂಡುಬಿಡ್ತಾರೆ. ಬಹಳ ಸಲ ಆಗಿರೋದು ಏನಪ್ಪಾ ಅಂದ್ರೆ, ಹೊರಗಡೆ ಯುಎಸ್‌ಬಿ ಡಿಸ್ಕಿನ ಸಾಲು ಎಫ್‌ಎಸ್‌ಟ್ಯಾಬ್ ಫೈಲಲ್ಲಿದೆ (ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸ್ಬೇಕು ಅನ್ನೋ ಪಟ್ಟಿ ಅದು), ಆ ಡಿಸ್ಕ್ ಟೈಮಿಗೆ ಎದ್ದಿಲ್ಲ ಅಥವಾ ಕೇಬಲ್ ಸಡಿಲ ಆಗಿದೆ, ಅದು ಸಿಗೋ ತನಕ ಮುಂದೆ ಹೋಗಲ್ಲ ಅಂತ ಸಿಸ್ಟಮ್ ನಿಂತಿದೆ. ಆ ಸಾಲಿನ ಆಪ್ಷನ್ಸ್ ಜಾಗದಲ್ಲಿ ನೋಫೇಲ್ ಅಂತ ಒಂದು ಪದ ಸೇರಿಸಿದ್ರೆ ಡಿಸ್ಕ್ ಇಲ್ದಿದ್ರೂ ಬೂಟ್ ಆಗುತ್ತೆ. ಜೊತೆಗೆ ಡಿಸ್ಕನ್ನ ಎಸ್‌ಡಿಎ ಎಸ್‌ಡಿಬಿ ಅಂತ ಹೆಸರಲ್ಲಿ ಬರೀದೆ ಯುಯುಐಡಿ, ಅಂದ್ರೆ ಆ ಡಿಸ್ಕಿಗೇ ಮೀಸಲಾದ ಗುರುತಿನ ಸಂಖ್ಯೆ, ಹಾಕ್ಬೇಕು, ಆ ಹೆಸರುಗಳು ಪ್ರತಿ ಬೂಟಿಗೂ ಅದಲು ಬದಲು ಆಗ್ಬಹುದು. ಬಯಾಸಲ್ಲಿ ಕರೆಂಟ್ ಬಂದ್ ತಕ್ಷಣ ತಾನೇ ಆನ್ ಆಗೋ ಸೆಟ್ಟಿಂಗ್ ಒಂದಿರುತ್ತೆ, ಅದನ್ನೂ ಹಾಕ್ಕೊಳ್ಳಿ. ನಿಮ್ಮ ಲೇಖನದಲ್ಲಿ ಎಫ್‌ಎಸ್‌ಟ್ಯಾಬ್ ಸಾಲು ಕೊಟ್ಟಿದ್ರು, ನೋಫೇಲ್ ಇರ್ಲಿಲ್ಲ.

ಇನ್ನು ಮೈನಿಂಗ್ ರಿಗ್ ವಿಷಯ. ಆರು ಗ್ರಾಫಿಕ್ಸ್ ಕಾರ್ಡ್ ಹಾಕಿದ್ದ ರಿಗ್ ಒಂದ್ರಲ್ಲಿ ಒಂದು ಕಾರ್ಡ್ ಆಗಾಗ ಮಾಯ ಆಗೋದು, ಓನರ್ರು ಡ್ರೈವರ್ ತೆಗ್ದು ಹಾಕಿ ತೆಗ್ದು ಹಾಕಿ ಸುಸ್ತಾಗಿದ್ರು. ಕರ್ನಲ್ (ಲಿನಕ್ಸಿನ ತಿರುಳು) ಲಾಗ್ ನೋಡಿದ್ರೆ ಎಕ್ಸ್‌ಐಡಿ 79, ಜಿಪಿಯು ಹ್ಯಾಸ್ ಫಾಲನ್ ಆಫ್ ದ ಬಸ್ ಅಂತ ಇತ್ತು. ಅಂದ್ರೆ ಕಾರ್ಡಿಗೂ ಬೋರ್ಡಿಗೂ ಸಂಪರ್ಕನೇ ಕಟ್ ಆಗಿದೆ, ಮೊದ್ಲು ಅನುಮಾನ ಪಡ್ಬೇಕಾದ್ದು ರೈಸರ್ (ಕಾರ್ಡನ್ನ ಬೋರ್ಡಿಗೆ ಜೋಡಿಸೋ ಕೇಬಲ್ ಅಡಾಪ್ಟರ್) ಮತ್ತೆ ಪವರ್. ಬಗ್ಗಿ ನೋಡಿದ್ರೆ ರೈಸರ್‌ಗೆ ಹಾರ್ಡ್‌ಡಿಸ್ಕಿಗೆ ಅಂತ ಇರೋ ಸಾಟಾ ಕನೆಕ್ಟರಿಂದ ಪವರ್ ಕೊಟ್ಟಿದ್ರು, ಕನೆಕ್ಟರ್ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದು ಪಿನ್ ಹತ್ರ ಕರಗಿ ಅಂಟ್ಕೊಂಡಿತ್ತು. ಸಾಟಾ ಕನೆಕ್ಟರ್ 12 ವೋಲ್ಟಲ್ಲಿ ತಡೆಯೋದು 54 ವ್ಯಾಟು, ಕಾರ್ಡು ಸ್ಲಾಟಿಂದ, ಅಂದ್ರೆ ಇಲ್ಲಿ ರೈಸರ್ ಮೂಲಕ, 75 ವ್ಯಾಟ್ ತನಕ ಎಳೀಬಹುದು. ಇದು ಬೆಂಕಿ ಹತ್ಕೊಳ್ಳೋ ಕೆಲ್ಸ, ಆ ರಿಗ್ ಇಟ್ಟಿದ್ದು ಮಕ್ಕಳು ಮಲಗೋ ರೂಮಿನ ಪಕ್ಕದಲ್ಲಿ. ದಯವಿಟ್ಟು ರೈಸರ್‌ಗೆ ಪವರ್ ಸಪ್ಲೈಯಿಂದ ನೇರವಾಗಿ ಬರೋ ಆರು ಪಿನ್ ಕೇಬಲ್ಲೇ ಹಾಕಿ, ಎನ್‌ವಿಡಿಯಾ ಎಸ್‌ಎಂಐ ಹೈಫನ್ ಪಿಎಲ್ ಅಂತ ಕೊಟ್ಟು ಪ್ರತಿ ಕಾರ್ಡಿನ ವ್ಯಾಟ್‌ಗೆ ಮಿತಿ ಹಾಕಿ, ರೀಬೂಟ್ ಆದ್ರೆ ಆ ಮಿತಿ ಹೋಗ್ಬಿಡುತ್ತೆ ಅನ್ನೋದೂ ನೆನಪಿರ್ಲಿ.

ಆದ್ರೆ ನನ್ನ ಕೇಳಿದ್ರೆ ಮನೇಲಿ ಹೊಸ್ದಾಗಿ ರಿಗ್ ಕಟ್ಟೋದೇ ಬೇಡ. 2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಂ ಅನ್ನೋ ನಾಣ್ಯ ಪ್ರೂಫ್ ಆಫ್ ಸ್ಟೇಕ್‌ಗೆ, ಅಂದ್ರೆ ಮೈನಿಂಗೇ ಬೇಡದ ಪದ್ಧತಿಗೆ, ಹೋದ್ಮೇಲೆ ಗ್ರಾಫಿಕ್ಸ್ ಕಾರ್ಡ್ ಮೈನಿಂಗ್‌ನ ಮುಖ್ಯ ಆದಾಯನೇ ನಿಂತುಹೋಯ್ತು, ಬಿಟ್‌ಕಾಯಿನ್ ಮೈನಿಂಗ್‌ಗೆ ಅದಕ್ಕೇ ಅಂತ ಮಾಡಿರೋ ಏಸಿಕ್ ಮಷಿನ್ ಬೇಕು, ಮೇಲಿಂದ 2024ರ ಏಪ್ರಿಲ್‌ನಲ್ಲಿ ಒಂದು ಬ್ಲಾಕಿಗೆ (ವಹಿವಾಟಿನ ಲೆಕ್ಕದ ಒಂದು ಕಂತಿಗೆ) ಸಿಗೋ ಬಿಟ್‌ಕಾಯಿನ್ 6.25ರಿಂದ 3.125ಕ್ಕೆ ಇಳೀತು. ಕರೆಂಟ್ ಲೆಕ್ಕ ನೋಡಿ, ಸಾವಿರ ವ್ಯಾಟಿನ ರಿಗ್ ದಿನಕ್ಕೆ 24 ಯೂನಿಟ್, ತಿಂಗಳಿಗೆ 720. ಗೃಹಜ್ಯೋತಿ ಇರೋದು 200 ಯೂನಿಟ್ ತನಕ, ಅದು ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು, ಯೂನಿಟ್‌ಗೆ ಆರು ರೂಪಾಯಿ ಅಂತ ಹಿಡಿದ್ರೂ ರಿಗ್ ಒಂದಕ್ಕೇ ನಾಲ್ಕು ಸಾವಿರದ ಮೇಲೆ. ಬಂದ ಲಾಭದ ಮೇಲೆ 30 ಪರ್ಸೆಂಟ್ ತೆರಿಗೆ ಬೇರೆ, ಮೈನಿಂಗ್ ಸಲಕರಣೆಗೆ ಹಾಕಿದ ದುಡ್ಡನ್ನ ಅದ್ರಲ್ಲಿ ಕಳೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ 2022ರಲ್ಲೇ ಹೇಳಿದೆ. ಇದ್ರ ಎದುರಿಗೆ 15 ವ್ಯಾಟ್ ಎಳೆಯೋ ಮಿನಿ ಪಿಸಿ ಮನೆ ಸರ್ವರ್ ಆಗಿ ತಿಂಗಳೆಲ್ಲಾ ಓಡಿದ್ರೂ ಸುಮಾರು 11 ಯೂನಿಟ್ ಅಷ್ಟೇ. ಮೈನಿಂಗ್ ಬಗ್ಗೆ ಲೇಖನ ಹಾಕೋದಾದ್ರೆ ಈ ಲೆಕ್ಕ ಜೊತೆಗೆ ಹಾಕ್ಲೇಬೇಕು ಅಂತ ನನ್ನ ಒತ್ತಾಯ.

ನನಗೆ ಜಾಸ್ತಿ ಚಿಂತೆ ಆಗಿರೋದು ಇನ್ನೊಂದು ಥರದ ಮೈನಿಂಗು, ಮನೆಯೋರಿಗೇ ಗೊತ್ತಿಲ್ದೆ ಅವರ ಸರ್ವರಲ್ಲಿ ನಡೆಯೋದು. ಒಬ್ರು ವ್ಯಾಪಾರಸ್ಥರು ಮನೇಲಿ ಬಿಲ್ಲಿಂಗ್‌ಗೆ ಅಂತ ಸರ್ವರ್ ಇಟ್ಟಿದ್ರು, ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ತಗೊಂಡು ರೂಟರಲ್ಲಿ ಡಿಎಂಜೆಡ್ ಹಾಕಿಸ್ಕೊಂಡಿದ್ರು, ಅಂದ್ರೆ ಹೊರಗಿಂದ ಬರೋದೆಲ್ಲಾ ನೇರ ಆ ಮಷಿನ್‌ಗೇ. ಯಾವುದೋ ಗೈಡ್ ನೋಡ್ಕೊಂಡು ರೆಡಿಸ್ ಅನ್ನೋ ಡೇಟಾಬೇಸಿಗೆ ಬೈಂಡ್ 0.0.0.0, ಪ್ರೊಟೆಕ್ಟೆಡ್ ಮೋಡ್ ನೋ ಅಂತ ಬದಲಾಯಿಸಿದ್ರು, ಅಂದ್ರೆ ಎಲ್ಲಿಂದ ಬಂದ್ರೂ ಒಳಗೆ ಬಿಡು, ಕಾವಲು ಬೇಡ ಅಂತ, ಪಾಸ್‌ವರ್ಡೂ ಇಲ್ಲ. ಫ್ಯಾನ್ ಹಗಲೂ ರಾತ್ರಿ ಕೂಗ್ತಿದೆ, ಬಿಲ್ಲಿಂಗ್ ಸ್ಲೋ ಆಗಿದೆ ಅಂತ ಕರೆದ್ರು. ಓಡ್ತಿರೋದನ್ನೆಲ್ಲಾ ತೋರಿಸೋ ಟಾಪ್ ಅನ್ನೋ ಕಮಾಂಡ್ ಹೊಡೆದ್ರೆ ನಾಲ್ಕೂ ಕೋರ್ ತಿಂತಾ ಕೂತಿದ್ದ ಪ್ರಾಸೆಸ್ ಹೆಸರು ಕೆಡೆವ್‌ಟಿಎಂಪಿಎಫ್‌ಎಸ್‌ಐ. ಕೊನೇ ಐ ಇಲ್ದೇ ಇರೋದು ಕರ್ನಲ್‌ದೇ ಅಸಲಿ ಪ್ರಾಸೆಸ್ಸು, ಐ ಇರೋದು ಕಳ್ಳ ಮೈನರ್ರು, ನೋಡಿದೋರು ಸಿಸ್ಟಮ್‌ದೇ ಇರ್ಬೇಕು ಅನ್ಕೊಳ್ಲಿ ಅಂತಾನೇ ಹಾಗೆ ಹೆಸರಿಟ್ಟಿರೋದು. ಕಿಲ್ ಮಾಡಿದ್ರೆ ನಿಮಿಷದಲ್ಲಿ ವಾಪಸ್ ಬರುತ್ತೆ. ಅವರು ಕ್ರಾನ್‌ಟ್ಯಾಬ್ (ಹೇಳಿದ ಹೊತ್ತಿಗೆ ತಾನೇ ಓಡೋ ಕೆಲ್ಸಗಳ ಪಟ್ಟಿ) ನೋಡಿದ್ರಂತೆ, ಖಾಲಿ ಇತ್ತಂತೆ. ಇರುತ್ತೆ, ಯಾಕಂದ್ರೆ ಅದು ಅವರ ಯೂಸರ್‌ದು, ಕಳ್ಳ ಸಾಲು ಇದ್ದಿದ್ದು ರೆಡಿಸ್ ಅನ್ನೋ ಯೂಸರ್‌ನ ಕ್ರಾನ್‌ಟ್ಯಾಬಲ್ಲಿ, ಪ್ರತಿ ನಿಮಿಷಕ್ಕೂ ಎಲ್ಲಿಂದಲೋ ಒಂದು ಸ್ಕ್ರಿಪ್ಟ್ ಇಳಿಸಿ ಓಡಿಸು ಅಂತ. ಸುಡೋ ಕ್ರಾನ್‌ಟ್ಯಾಬ್ ಹೈಫನ್ ಯು ರೆಡಿಸ್ ಹೈಫನ್ ಎಲ್ ಅಂದ್ರೆ ಕಾಣುತ್ತೆ. ಇಂಥವು ತೆಗೆಯೋದು ಮೊನೇರೋ ಅನ್ನೋ ನಾಣ್ಯ, ಅದ್ರ ಲೆಕ್ಕಾಚಾರ 2019ರಿಂದ ಸಾಮಾನ್ಯ ಸಿಪಿಯುಗೆ ಹೊಂದೋ ಹಾಗೆ ಮಾಡಿರೋದ್ರಿಂದ ನಿಮ್ಮ ಹಳೇ ಪಿಸಿ ಆದ್ರೂ ಕಳ್ಳರಿಗೆ ಲಾಭನೇ, ಕರೆಂಟ್ ಬಿಲ್ ನಿಮ್ಮದು ನಾಣ್ಯ ಅವರದು. ಹೀಗೆ ಒಂದ್ಸಲ ಒಳಗೆ ಬಂದ ಮಷಿನ್‌ನಲ್ಲಿ ಬರೀ ಕಿಲ್ ಮಾಡಿ ಬಿಡಬೇಡಿ, ಮುಖ್ಯ ಡೇಟಾ ತಗೊಂಡು ಪೂರ್ತಿ ಹೊಸದಾಗಿ ಹಾಕಿ ಪಾಸ್‌ವರ್ಡ್, ಕೀ ಎಲ್ಲಾ ಬದಲಾಯಿಸಿ. ಫಾರ್ಮ್ಯಾಟ್ ಹೊಡೀಲೇಬೇಕಾದ ಕೇಸ್ ಅಂದ್ರೆ ಇದು, ಜನ ಬೇಡದ್ದಕ್ಕೆಲ್ಲಾ ಹೊಡೀತಾರೆ, ಬೇಕಾದ್ದಕ್ಕೆ ಹೊಡೆಯಲ್ಲ.

ಯುಎಫ್‌ಡಬ್ಲ್ಯೂ ಫೈರ್‌ವಾಲ್ ಆನ್ ಮಾಡಿದೀನಿ ಅಂತ ಧೈರ್ಯವಾಗಿರೋರಿಗೂ ಒಂದು ಮಾತು, ಡಾಕರಲ್ಲಿ (ಒಂದೊಂದು ಆ್ಯಪನ್ನ ಬೇರೆ ಬೇರೆ ಡಬ್ಬಿಲಿಟ್ಟಂಗೆ ಓಡಿಸೋ ಸಾಫ್ಟ್‌ವೇರ್) ಹೈಫನ್ ಪಿ ಅಂತ ಪೋರ್ಟ್ (ನೆಟ್‌ವರ್ಕ್ ಬಾಗಿಲು) ಬಿಟ್ರೆ ಅದು ಯುಎಫ್‌ಡಬ್ಲ್ಯೂ ನಿಯಮಗಳನ್ನ ದಾಟಿ ಹೊರಗೆ ತೆರೆದುಕೊಳ್ಳುತ್ತೆ, ಆ ಮಷಿನ್‌ಗಷ್ಟೇ ಬೇಕಿದ್ರೆ ಪೋರ್ಟ್ ನಂಬರ್ ಮುಂದೆ 127.0.0.1 ಅಂತ ಸೇರಿಸಿ, ಮನೆಯೊಳಗೆ ಬೇರೆಯೋರಿಗೂ ಬೇಕಿದ್ರೆ ಆ ಮಷಿನ್‌ನ ಲೋಕಲ್ ಐಪಿ ಸೇರಿಸಿ, ಆದ್ರೆ ರೂಟರಲ್ಲಿ ಆ ಪೋರ್ಟ್ ಹೊರಗೆ ಬಿಟ್ಟಿರಬಾರ್ದು. ಹೊರಗಡೆಯಿಂದ ಮನೆ ಸರ್ವರ್ ನೋಡ್ಬೇಕು ಅನ್ನೋರು ಪೋರ್ಟ್ ತೆಗೆಯೋದು ಬಿಟ್ಟು ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಅನ್ನೋ ವಿಪಿಎನ್ (ಖಾಸಗಿ ದಾರಿ) ಬಳಸ್ಲಿ. ರೂಟರಲ್ಲಿ ವ್ಯಾನ್ ಐಪಿ (ಹೊರಗಿನ ಕಡೆಯ ವಿಳಾಸ) 100.64ರಿಂದ 100.127ರ ಒಳಗೆ ಶುರುವಾಗ್ತಿದ್ರೆ ನೀವು ಸಿಜಿನ್ಯಾಟ್ ಹಿಂದೆ ಇದೀರ, ಅಂದ್ರೆ ಇಂಟರ್ನೆಟ್ ಕಂಪನಿ ಒಂದೇ ಹೊರಗಿನ ವಿಳಾಸನ ಹಲವು ಮನೆಗೆ ಹಂಚಿದೆ, ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದ್ರೂ ಕೆಲ್ಸ ಮಾಡಲ್ಲ, ನಿಮಗೆ ಟೇಲ್‌ಸ್ಕೇಲ್ ಸುಲಭ.

ಹಾಗಾಗಿ ನನ್ನ ಕೋರಿಕೆ. ಕಮಾಂಡ್ ಅಚ್ಚು ಹಾಕಿದಾಗ ಪ್ರತಿಯೊಂದಕ್ಕೂ ಕೆಳಗೆ ಅದು ಯಾವ ಫೈಲ್ ಮುಟ್ಟುತ್ತೆ, ವಾಪಸ್ ಮಾಡೋದು ಹೇಗೆ, ಕೆಟ್ರೆ ಯಾವ ಲಾಗ್ ನೋಡ್ಬೇಕು ಅಂತ ಒಂದೆರಡು ಸಾಲು ಇರ್ಲಿ, ಯಾವ ವರ್ಷನ್‌ನಲ್ಲಿ ಪರೀಕ್ಷೆ ಮಾಡಿದ್ದು ಅನ್ನೋದೂ ಇರ್ಲಿ. ಲಾಗಿನ ಸಾಲುಗಳನ್ನೇ ಹಾಕಿ ಕನ್ನಡದಲ್ಲಿ ಬಿಡಿಸಿ ಹೇಳೋ ಒಂದು ಚಿಕ್ಕ ಅಂಕಣ ಶುರು ಮಾಡಿದ್ರೆ ಇಂಗ್ಲಿಷ್ ಅಂದ್ರೆ ಹಿಂಜರಿಯೋ ಎಷ್ಟೋ ಐಟಿಐ, ಡಿಪ್ಲೊಮಾ ಮಕ್ಕಳಿಗೆ ಉಪಯೋಗ ಆಗುತ್ತೆ, ಇವ್ರು ಬುದ್ಧಿವಂತ್ರು, ಯಾರೂ ಆ ಸಾಲುಗಳನ್ನ ಓದಿ ತೋರಿಸಿಲ್ಲ ಅಷ್ಟೇ.

ಪೇಜ್ ಮಾಡೋರಿಗೂ ದಯವಿಟ್ಟು ಹೇಳಿ. ನಿಮ್ಮ ಲೇಖನದಲ್ಲಿ ಎರಡು ಹೈಫನ್ ಸೇರಿ ಒಂದು ಉದ್ದ ಗೀಟಾಗಿತ್ತು, ನೆಟ್ಟಗಿರ್ಬೇಕಾದ ಕೋಟ್ ಗುರುತುಗಳು ಬಾಗಿದ್ವು, ಇ-ಪೇಪರಿಂದ ಕಾಪಿ ಮಾಡಿ ಹಾಕಿದ್ರೆ ಕಮಾಂಡ್ ಓಡಲ್ಲ, ಓದುಗ ತನ್ನದೇ ತಪ್ಪು ಅನ್ಕೋತಾನೆ. ಅದಕ್ಕಿಂತ ಅಪಾಯ ಅಂದ್ರೆ ಕಾಲಂ ಅಗಲ ಸಾಲ್ದೆ ಕಮಾಂಡನ್ನ ಎರಡು ಸಾಲಿಗೆ ಮುರಿಯೋದು, ಕೇಳ್ದೇ ಎಲ್ಲಾ ಅಳಿಸೋ ಆರ್‌ಎಂ ಹೈಫನ್ ಆರ್‌ಎಫ್ ಕಮಾಂಡಲ್ಲಿ ಸ್ಲ್ಯಾಷ್ ಆದ್ಮೇಲೆ ಒಂದು ಸ್ಪೇಸ್ ಜಾಸ್ತಿ ಬಿದ್ರೆ ಅಳಿಸ್ಬೇಕಿದ್ದ ಫೋಲ್ಡರ್ ಬದ್ಲು ಅದ್ರ ಮೇಲಿನ ಫೋಲ್ಡರ್ರೇ ಹೋಗುತ್ತೆ, ಮನೆಯೋರ ಫೋಟೋಗಳೆಲ್ಲಾ ಅಲ್ಲೇ ಇರೋದು. ಅಂಥ ಕಮಾಂಡ್ ಪೂರ್ತಿ ಪುಟದ ಅಗಲಕ್ಕೆ ಬೇರೆ ಬಾಕ್ಸಲ್ಲಿ ಹಾಕ್ಸಿ. ಅಚ್ಚಿಗೆ ಹೋಗೋಕೆ ಮುಂಚೆ ಯಾರಾದ್ರೂ ಓಡಿಸಿ ನೋಡ್ಬೇಕು ಅಂದ್ರೆ ನನ್ನ ಅಂಗಡೀಲಿ ಅದಕ್ಕೇ ಅಂತ ಒಂದು ಖಾಲಿ ಮಷಿನ್ ಇದೆ, ಕಳಿಸಿಕೊಡಿ, ದುಡ್ಡೇನೂ ಬೇಡ, ಪರೀಕ್ಷೆ ಮಾಡಿ ಅದೇ ದಿನ ತಿಳಿಸ್ತೀನಿ.

ಇಂತಿ ನಿಮ್ಮ ಓದುಗ,
ತಿಪಟೂರು