ಮಗಳಿಗೊಂದು ಪತ್ರ: ಮೊದಲು ಗಾಡಿಯ ಬೆನ್ನು ನೋಡು, ಬ್ಯಾಗು ಆಮೇಲೆ

ಪುಟ್ಟಿ,

ದೂರ ಹೋಗುವಾಗ ಬೈಕಿಗೆ ಕಟ್ಟುವ ಮೆತ್ತನೆಯ ಬ್ಯಾಗಿನ ವಿಷಯ ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ ಹೂಂಗುಟ್ಟುತ್ತೀಯ, ಇಟ್ಟ ಮೇಲೆ ಮರೆಯುತ್ತೀಯ. ಬರೆದು ಕಳಿಸಿದರೆ ಗಾಡಿ ಪಕ್ಕದಲ್ಲಿ ನಿಂತು ಓದಿಕೊಳ್ಳಬಹುದು ಅಲ್ವಾ?

ಯಾವ ಕಂಪನಿಯದ್ದು ತಗೊಳ್ಳಲಿ, ಎಷ್ಟು ಲೀಟರಿನದ್ದು ತಗೊಳ್ಳಲಿ ಅಂತ ಕೇಳಿದ್ದೀಯ. ಅದನ್ನು ಆಮೇಲೆ ನೋಡೋಣ. ಮೊದಲು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಹಿಂದೆ ಕುಕ್ಕರುಗಾಲಲ್ಲಿ ಕೂತು ಅದರ ಬೆನ್ನನ್ನು ಸರಿಯಾಗಿ ನೋಡು. ನಿನ್ನದರಂಥ ಸ್ಪೋರ್ಟ್ ಟೂರಿಂಗ್ ಬೈಕುಗಳ ಕಥೆಯೇ ಬೇರೆ. ಹೆಸರಿನಲ್ಲಿ ದೂರದ ಪ್ರಯಾಣ ಇದೆ, ಹಿಂಭಾಗ ಮಾತ್ರ ಓಟದ ಬೈಕಿನದ್ದು. ಚೂಪಾಗಿ ಮೇಲೆದ್ದ ಬಾಲ, ನುಣ್ಣಗಿನ ಪ್ಲಾಸ್ಟಿಕ್ಕು. ಎಷ್ಟೋ ಗಾಡಿಗಳಲ್ಲಿ ಪಟ್ಟಿ ಸಿಕ್ಕಿಸೋಕೆ ಒಂದು ಕೊಕ್ಕೆಯೂ ಇರುವುದಿಲ್ಲ. ಬ್ಯಾಗು ಎಷ್ಟೇ ಒಳ್ಳೆಯದಿರಲಿ, ಈ ಬೆನ್ನಿನ ಮೇಲೆ ಅಲುಗಾಡದೆ ಕೂರದಿದ್ದರೆ ಅದು ನಿನಗಲ್ಲ.

ಮೊದಲು ನೋಡಬೇಕಾದ್ದು ಸೈಲೆನ್ಸರ್. ಕೆಳಗಿದೆಯೋ, ಪಕ್ಕದಲ್ಲಿ ಮೇಲಕ್ಕೆ ಎದ್ದಿದೆಯೋ, ಸೀಟಿನ ಅಡಿಯಲ್ಲೇ ಇದೆಯೋ? 2002ರಲ್ಲಿ ಬಂದ ಹೋಂಡಾ ವಿಎಫ್‌ಆರ್800ರಲ್ಲಿ, 2005ರ ಟ್ರಯಂಫ್ ಸ್ಪ್ರಿಂಟ್ ಎಸ್‌ಟಿಯಲ್ಲಿ ಅದು ಬಾಲದ ಕೆಳಗೇ ಇತ್ತು. ನೋಡೋಕೆ ಚಂದ, ಬ್ಯಾಗಿಗೆ ಸಂಕಟ. ಕವಾಸಕಿ ನಿಂಜಾ 1000ದಲ್ಲಿ ಮೊದಲು ಎರಡೂ ಪಕ್ಕಕ್ಕೆ ಒಂದೊಂದು ಇದ್ದವು, 2020ರಿಂದ ಬಲಕ್ಕೆ ಒಂದೇ. ಹಾಗಾಗಿ "ಈ ಬೈಕಿಗೆ ಈ ಬ್ಯಾಗು ಕೂರುತ್ತೆ" ಅಂತ ಯಾರಾದರೂ ಹೇಳಿದರೆ ಯಾವ ವರ್ಷದ ಬೈಕು ಅಂತ ಕೇಳು.

ಬ್ಯಾಗಿನ ಬಟ್ಟೆ ಬಿಸಿಗೆ ಹೇಗೆ ನಡೆದುಕೊಳ್ಳುತ್ತದೆ ಅನ್ನೋದು ಗೊತ್ತಿರಲಿ. ಕಾರ್ಡುರಾ ಥರದ ಗಟ್ಟಿ ನೈಲಾನ್ ಕರಗೋಕೆ 200 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಆದರೆ ನೀರು ಹೋಗದ ಬ್ಯಾಗು ಅಂತ ಮಾರುವ ಪಿವಿಸಿ ಚೀಲ 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಸೈಲೆನ್ಸರ್ ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ. ಅದರಲ್ಲೂ ಹೊಗೆ ಹೊರಗೆ ಬರುವ ಬಾಯಿಯ ಹಿಂದೆ, ಮೇಲೆ ಬ್ಯಾಗಿನ ಮೂಲೆ ಚಾಚಿರಲೇಬಾರದು. ಸಾಮಾನು ತುಂಬಿದ ಬ್ಯಾಗಿಗೂ ಸೈಲೆನ್ಸರಿಗೂ ನಡುವೆ ನಾಲ್ಕು ಬೆರಳು ಅಗಲ ಬೇಕು ಅನ್ನೋದು ನನ್ನ ಲೆಕ್ಕ. ತುಂಬಿದ ಬ್ಯಾಗಿಗೆ ಅಂದೆ, ನೆನಪಿರಲಿ. ಖಾಲಿ ಬ್ಯಾಗು ಮೇಲೇ ನಿಂತಿರುತ್ತದೆ, ತುಂಬಿದ್ದು ಹೊಟ್ಟೆ ಇಳಿಬಿಡುತ್ತದೆ. ಅಷ್ಟು ಜಾಗ ಸಿಗದಿದ್ದರೆ ಬಿಸಿ ತಡೆಯುವ ಹೀಟ್ ಶೀಲ್ಡ್ ಹಾಕಿಸು, ಇಲ್ಲವೇ ಆ ಗಾಡಿಗೆ ಸೀಟಿನ ಎರಡೂ ಕಡೆ ನೇತಾಡುವ ಪಕ್ಕದ ಬ್ಯಾಗಿನ ಆಸೆಯನ್ನೇ ಬಿಡು.

ಇಲ್ಲಿ ಎಷ್ಟೋ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಸೈಲೆನ್ಸರ್ ಫ್ರೇಮಿಗೆ ಕಟ್ಟಿದ್ದು. ಗಾಡಿ ಗುಂಡಿಗೆ ಇಳಿದರೆ ಸೈಲೆನ್ಸರ್ರೂ ಬ್ಯಾಗೂ ಒಟ್ಟಿಗೇ ಕೆಳಗೆ ಹೋಗುತ್ತವೆ. ಚಕ್ರ ಹಾಗಲ್ಲ. ಶಾಕ್ ಅಬ್ಸಾರ್ಬರ್ ಅಮುಕಿದಷ್ಟೂ ಟೈರು, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್, ಚೈನು ಬ್ಯಾಗಿನ ಕಡೆಗೆ ಮೇಲಕ್ಕೆ ಬರುತ್ತವೆ. ಈ ಥರದ ಬೈಕುಗಳಲ್ಲಿ ಹಿಂದಿನ ಚಕ್ರ 12ರಿಂದ 14 ಸೆಂಟಿಮೀಟರಿನಷ್ಟು ಮೇಲೆ ಕೆಳಗೆ ಓಡಾಡುತ್ತದೆ. ಮನೆ ಮುಂದೆ ನಿಂತ ಗಾಡಿಯಲ್ಲಿ ಕಾಣುವ ಜಾಗ ನಿಜವಾದ ಜಾಗ ಅಲ್ಲ. ಬ್ಯಾಗು ತುಂಬಿ ಕಟ್ಟು, ನೀನು ಹತ್ತಿ ಕೂರು, ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಚೆನ್ನಾಗಿ ಅಮುಕು, ಮತ್ತೊಬ್ಬರು ಟಾರ್ಚ್ ಹಿಡಿದು ಕೆಳಗಿನಿಂದ ನೋಡಲಿ. ಬ್ಯಾಗಿನ ಒಳಗಿನ ಕೆಳಮೂಲೆ ಚಕ್ರದ ಕಡೆ ವಾಲುತ್ತಿದೆಯಾ? ಹಾಗಿದ್ದರೆ ಆ ಬ್ಯಾಗಿಗೆ ಒಳಗೆ ಗಟ್ಟಿ ಹಲಗೆ ಬೇಕು, ಅಥವಾ ಬೈಕಿನ ಪಕ್ಕಕ್ಕೆ ಕಬ್ಬಿಣದ ಆಸರೆ ಬೇಕು. ಎಸ್‌ಡಬ್ಲ್ಯೂ ಮೋಟೆಕ್‌ನವರ ಬ್ಲೇಜ್ ಬ್ಯಾಗುಗಳ ಜೊತೆ ಅಂಥ ಆಸರೆಯ ಕೈಗಳು ಬರುತ್ತವೆ. ಅವು ಬ್ಯಾಗನ್ನು ಚಕ್ರದಿಂದ, ಪ್ಲಾಸ್ಟಿಕ್ಕಿನಿಂದ ದೂರ ಹಿಡಿದಿಡುತ್ತವೆ. ಸೀಟಿನ ಮೇಲೆ ಸುಮ್ನೆ ಎಸೆದು ಕಟ್ಟುವ ಬ್ಯಾಗಿಗಿಂತ ಇದು ಎಷ್ಟೋ ವಾಸಿ.

ಈಗ ಕಟ್ಟುವುದು ಹೇಗೆ ಅನ್ನೋದಕ್ಕೆ ಬರ್ತೀನಿ. ಪಕ್ಕದ ಬ್ಯಾಗುಗಳ ಎರಡು ಮೇಲಿನ ಪಟ್ಟಿಗಳು ಹಿಂದಿನ ಸೀಟಿನ ಅಡಿಯಲ್ಲಿ ಹಾದು ಹೋಗಬೇಕು. ಸೀಟು ತೆಗೆದು ಹಾಕಿ, ಮತ್ತೆ ಲಾಕ್ ಮಾಡಿದಾಗ ಟಕ್ ಅಂತ ಸದ್ದು ಕೇಳಿಸಬೇಕು. ಪಟ್ಟಿ ದಪ್ಪ ಇದ್ದರೆ ಸೀಟು ಅರ್ಧ ಕೂತಿರುತ್ತದೆ, ಗೊತ್ತೇ ಆಗುವುದಿಲ್ಲ. ಇಷ್ಟಕ್ಕೇ ಬಹಳ ಜನ ನಿಲ್ಲಿಸುತ್ತಾರೆ. ಇದು ಬ್ಯಾಗು ಕೆಳಗೆ ಬೀಳದ ಹಾಗೆ ತಡೆಯುತ್ತದೆ ಅಷ್ಟೇ. ಬ್ರೇಕು ಹಿಡಿದಾಗ ಮುಂದಕ್ಕೆ ಜಾರುತ್ತದೆ, ಎಕ್ಸಲರೇಟರ್ ಕೊಟ್ಟಾಗ ಹಿಂದಕ್ಕೆ ಹೋಗುತ್ತದೆ, ತಿರುವಿನಲ್ಲಿ ಬಡಿದುಕೊಳ್ಳುತ್ತದೆ. ಅದಕ್ಕೆ ಪ್ರತಿ ಬ್ಯಾಗಿನ ಕೆಳಗಿನಿಂದ ಮುಂದಕ್ಕೊಂದು, ಹಿಂದಕ್ಕೊಂದು ಪಟ್ಟಿ ಬೇಕು. ಮುಂದಿನದನ್ನು ಹಿಂದೆ ಕೂರುವವರು ಕಾಲಿಡುವ ಫುಟ್‌ಪೆಗ್ ಹಿಡಿದಿರುವ ಬ್ರಾಕೆಟಿಗೆ ಕಟ್ಟು. ಹಿಂದಿನದನ್ನು ಸೀಟನ್ನು ಹೊತ್ತಿರುವ ಸಬ್‌ಫ್ರೇಮಿನ ಕಬ್ಬಿಣಕ್ಕೆ ಕಟ್ಟು. ಇಂಡಿಕೇಟರಿಗೆ, ನಂಬರ್ ಪ್ಲೇಟಿನ ಕಡ್ಡಿಗೆ, ಬಾಲದ ಪ್ಲಾಸ್ಟಿಕ್ಕಿಗೆ ಯಾವತ್ತೂ ಕಟ್ಟಬೇಡ. ಕಟ್ಟಿದ ಮೇಲೆ ಬ್ಯಾಗನ್ನೇ ಹಿಡಿದು ಜೋರಾಗಿ ಎಳೆ. ಬ್ಯಾಗು ಅಲ್ಲಾಡದೆ ಇಡೀ ಗಾಡಿಯೇ ಅಲ್ಲಾಡಿದರೆ ಸರಿಯಾಗಿದೆ.

ಪಟ್ಟಿಯ ಬಾಲಗಳ ಬಗ್ಗೆ ನಾನು ಕಟ್ಟುನಿಟ್ಟು. ಬಕಲ್ ಬಿಗಿ ಮಾಡಿದ ಮೇಲೆ ಉಳಿಯುವ ಒಂದೊಂದು ಗೇಣನ್ನೂ ಸುತ್ತಿ ವೆಲ್ಕ್ರೋದಲ್ಲಿ ಅಂಟಿಸು. ಅದು ಚೈನಿಗೋ ಚಕ್ರಕ್ಕೋ ಸಿಕ್ಕಿದರೆ ಬ್ಯಾಗನ್ನು ಕಿತ್ತು ಒಳಗೆಳೆದುಕೊಳ್ಳುತ್ತದೆ, ಹಿಂದಿನ ಚಕ್ರ ನಿಂತುಬಿಡಬಹುದು. ಉದ್ದದ ಪಟ್ಟಿಗೆ ಒಂದು ತಿರುವು ಹಾಕಿ ಕಟ್ಟಿದರೆ ಗಾಳಿಗೆ ಪಟಪಟ ಅನ್ನುವುದೂ ತಪ್ಪುತ್ತದೆ. ಇನ್ನೊಂದು ಸಂಗತಿ: ನೈಲಾನ್ ಪಟ್ಟಿ ಒದ್ದೆಯಾದರೆ ಸ್ವಲ್ಪ ಉದ್ದವಾಗುತ್ತದೆ, ಪಾಲಿಯೆಸ್ಟರ್ ಅಷ್ಟಾಗಿ ಆಗುವುದಿಲ್ಲ. ಮಳೆ ಶುರುವಾದ ಮೇಲೆ ಎಲ್ಲಾದರೂ ನಿಲ್ಲಿಸಿ ಮತ್ತೊಮ್ಮೆ ಎಳೆದು ಬಿಗಿ ಮಾಡು.

ನಿಮ್ಮಪ್ಪನಿಗೆ ಬಂಜಿ ಹಗ್ಗ ಅಂದರೆ ಪ್ರಾಣ. ಅವರ ಮಾತು ಕೇಳಬೇಡ. ಹಿಗ್ಗುವ ಹಗ್ಗದಿಂದ ಕಟ್ಟಿದ ಸಾಮಾನು ಗುಂಡಿ ಬಂದಾಗೆಲ್ಲ ಕುಣಿಯುತ್ತದೆ, ಕುಣಿದು ಕುಣಿದು ಪಕ್ಕಕ್ಕೆ ಸರಿಯುತ್ತದೆ. ಅದರ ಕೊಕ್ಕೆ ಕೈತಪ್ಪಿ ಕಣ್ಣಿಗೆ ಹಾರಿದರೆ ಗತಿಯೇನು? ಹಿಗ್ಗದ ಪಟ್ಟಿ, ಗಟ್ಟಿ ಬಕಲ್, ಅಷ್ಟು ಸಾಕು. ಮೇಲೆ ಜಾಕೆಟ್ ಸಿಕ್ಕಿಸೋಕೆ ಬೇಕಾದರೆ ಬಲೆ ಇಟ್ಟುಕೋ.

ಗಾಡಿಯ ಬಣ್ಣ ಹಾಳಾಗುವುದರ ಬಗ್ಗೆಯೂ ಕೇಳಿದ್ದೀಯ. ಬ್ಯಾಗು ತಾಗುವ ಕಡೆಯೆಲ್ಲ ಪಾರದರ್ಶಕ ಫಿಲ್ಮ್ ಅಂಟಿಸು. ಅಂಟಿಸುವ ಮುಂಚೆ, ಆಮೇಲೆ ಪ್ರತಿಸಲ ಬ್ಯಾಗು ಕಟ್ಟುವ ಮುಂಚೆಯೂ, ಒದ್ದೆ ಬಟ್ಟೆಯಲ್ಲಿ ಒರೆಸು. ಬಣ್ಣ ಕೆರೆಯುವುದು ಬ್ಯಾಗಲ್ಲ, ಮಧ್ಯೆ ಸೇರಿಕೊಂಡ ಮಣ್ಣು. ಎಂಜಿನ್ ಅದುರುವಿಕೆಗೆ ಅದು ಇಡೀ ದಿನ ಉಜ್ಜುತ್ತಲೇ ಇರುತ್ತದೆ.

ಬಟ್ಟೆಯ ಮೇಲೆ 1000 ಡೀನಿಯರ್, 1680 ಡೀನಿಯರ್ ಅಂತ ಬರೆದಿರುತ್ತಾರಲ್ಲ, ಅದು ದಾರದ ತೂಕ. 9000 ಮೀಟರ್ ದಾರ 1000 ಗ್ರಾಂ ತೂಗಿದರೆ 1000 ಡೀನಿಯರ್. ಜಾಸ್ತಿ ಇದ್ದರೆ ದಾರ ದಪ್ಪ ಅಂತ ಅರ್ಥ, ನೀರು ಬರೋದಿಲ್ಲ ಅಂತಲ್ಲ. ನೀರು ಬರುವುದು ಹೊಲಿಗೆಯ ತೂತಿನಿಂದ, ಜಿಪ್ಪಿನಿಂದ. ಹೊಲಿಗೆ ಇಲ್ಲದೆ ಬೆಸೆದ ಅಂಚು, ಬಾಯಿಯನ್ನು ಮೂರು ನಾಲ್ಕು ಸುತ್ತು ಮಡಿಚಿ ಮುಚ್ಚುವ ರೋಲ್ ಟಾಪ್ ಇದ್ದರೆ ನಂಬಬಹುದು. ಮೇಲೆ ಹಾಕುವ ರೇನ್ ಕವರ್ ಮೇಲೆ ನನಗೆ ನಂಬಿಕೆ ಇಲ್ಲ. ವೇಗಕ್ಕೆ ಗಾಳಿ ತುಂಬಿ ಉಬ್ಬುತ್ತದೆ, ಚಕ್ರ ಎರಚಿದ ನೀರು ಒಳಗೆ ನಿಲ್ಲುತ್ತದೆ. ಒಳಗೇ ಬೇರೆ ಬೇರೆ ಬಣ್ಣದ ಡ್ರೈ ಬ್ಯಾಗ್ ಹಾಕಿಕೊಂಡರೆ ನೀರಿನ ಚಿಂತೆಯೂ ಇಲ್ಲ, ಹುಡುಕುವ ಕಷ್ಟವೂ ಇಲ್ಲ.

ಯಾವುದನ್ನು ಎಲ್ಲಿಡಬೇಕು? ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ನಡೆಯಬಹುದು, ಕೈ ಚಾಚಿ ಹಿಡಿದರೆ ಆಗುತ್ತಾ? ಹಾಗೇ ಇದು. ಭಾರದ್ದೆಲ್ಲ ಗಾಡಿಯ ನಡುವಿಗೆ ಹತ್ತಿರ ಇರಲಿ. ಟೂಲು, ಪಂಕ್ಚರ್ ಕಿಟ್ಟು, ಚೈನ್ ಲಾಕು ಪಕ್ಕದ ಬ್ಯಾಗಿನ ತಳದಲ್ಲಿ, ಮುಂದಿನ ಮೂಲೆಯಲ್ಲಿ. ಎಡಕ್ಕೂ ಬಲಕ್ಕೂ ತೂಕ ಹೆಚ್ಚುಕಮ್ಮಿ ಸಮ ಇರಲಿ. ಹಿಂದಿನ ಸೀಟು, ಬಾಲದ ಮೇಲೆ ಕಟ್ಟುವ ಟೇಲ್ ಬ್ಯಾಗು ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ ಹೋದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ, ವೇಗದಲ್ಲಿ ಹ್ಯಾಂಡಲ್ ತೂಗಾಡೋಕೆ ಶುರುವಾಗಬಹುದು. ಅದರಲ್ಲಿ ಬಟ್ಟೆ, ಮಲಗುವ ಚೀಲ ಅಷ್ಟೇ ಇಡು. ಹಿಂದೆ ಯಾರೂ ಕೂರದಿದ್ದರೆ ಅದನ್ನು ಸೀಟಿನ ಮೇಲೆ ನಿನ್ನ ಬೆನ್ನಿನ ತನಕ ಮುಂದಕ್ಕೆ ತಳ್ಳು. ನಿನ್ನನ್ನು ಕೇಳಿದರೆ ಪಕ್ಕದ ಬ್ಯಾಗೇ ಬೇಕು ಅಂತೀಯ. ಒಬ್ಬಳೇ ಹೋಗುವಾಗ, ಸೈಲೆನ್ಸರ್ ಎತ್ತರ ಇರುವ ಗಾಡಿಯಲ್ಲಿ, ಒಂದು ಒಳ್ಳೆ ಟೇಲ್ ಬ್ಯಾಗು, ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರುವ ಒಂದು ಟ್ಯಾಂಕ್ ಬ್ಯಾಗು ಇದ್ದರೆ ಸಾಕು ಅಂತ ನನಗೆ ಅನಿಸುತ್ತದೆ. ಕ್ರೀಗಾದವರ ಟೇಲ್ ಪ್ಯಾಕುಗಳು ಸೀಟಿನ ಅಡಿ ಸಬ್‌ಫ್ರೇಮಿಗೆ ಸುತ್ತುವ ಕುಣಿಕೆಗಳಿಂದ ನಿಲ್ಲುತ್ತವೆ, ಚಿಕ್ಕದು ದೊಡ್ಡದು ಒಂದಕ್ಕೊಂದು ಜೋಡಿಸಬಹುದು. ನಿನ್ನ ಗಾಡಿಯಂಥ ಸಣ್ಣ ಬಾಲಕ್ಕೆ ಅದು ಹೊಂದುತ್ತದೆ.

ಟ್ಯಾಂಕ್ ಬ್ಯಾಗಿಗೆ ಮ್ಯಾಗ್ನೆಟ್ ಇರುವುದು ತಗೊಳ್ಳುವ ಮುಂಚೆ ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ಟನ್ನು ಟ್ಯಾಂಕಿಗೆ ಹಿಡಿದು ನೋಡು. ಅಲ್ಯೂಮಿನಿಯಂ ಟ್ಯಾಂಕಿಗೂ, ಪ್ಲಾಸ್ಟಿಕ್ ಹೊದಿಕೆಗೂ ಅದು ಅಂಟುವುದಿಲ್ಲ. ಅಂಥ ಕಡೆ ಪೆಟ್ರೋಲ್ ಮುಚ್ಚಳದ ಸುತ್ತಿನ ಸ್ಕ್ರೂಗಳಿಗೆ ಕೂರುವ ರಿಂಗ್ ಒಳ್ಳೆಯದು. ಗಿವಿಯವರದ್ದು ಟ್ಯಾಂಕ್‌ಲಾಕ್ ಅಂತ ಇದೆ. ರಿಂಗ್ ಗಾಡಿಯ ಮಾಡೆಲ್ಲಿಗೆ ತಕ್ಕದ್ದೇ ಇರಬೇಕು. ಕೂರಿಸಿದ ಮೇಲೆ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸು. ಬ್ಯಾಗು ಹಾರ್ನ್ ಒತ್ತಿದರೆ, ಇಲ್ಲವೇ ನಿನ್ನ ಹೆಬ್ಬೆರಳು ಸಿಕ್ಕಿಕೊಂಡರೆ, ಚಿಕ್ಕದು ತಗೋ.

ತೂಕದ ಲೆಕ್ಕ ಮಾತ್ರ ತಪ್ಪಿಸಬೇಡ. ಮ್ಯಾನ್ಯುಯಲ್ಲಿನಲ್ಲಿ ಗರಿಷ್ಠ ಒಟ್ಟು ತೂಕ ಇರುತ್ತದೆ. ಅದರಿಂದ ಟ್ಯಾಂಕ್ ತುಂಬಿದ ಗಾಡಿಯ ತೂಕ ಕಳೆ. ಉದಾಹರಣೆಗೆ 420ರಲ್ಲಿ 235 ಹೋದರೆ 185 ಕಿಲೋ. ಅದರಲ್ಲಿ ನೀನು, ನಿನ್ನ ಹೆಲ್ಮೆಟ್ಟು ಜಾಕೆಟ್ಟು ಬೂಟು, ಹಿಂದೆ ಕೂರುವವರು, ಬ್ಯಾಗು, ಬ್ಯಾಗು ಕೂರಿಸಿದ ಕಬ್ಬಿಣ, ಎಲ್ಲಾ ಬಂತು. ಇಬ್ಬರು ಕೂತರೆ ಉಳಿಯುವುದು ಎಷ್ಟು ಕಮ್ಮಿ ಅಂತ ನೀನೇ ನೋಡು.

ಭಾರ ಹಾಕಿದ ಮೇಲೆ ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡ್, ಅಂದರೆ ಸ್ಪ್ರಿಂಗಿನ ಬಿಗಿ, ಹೆಚ್ಚಿಸು. ಟೈರಿನ ಗಾಳಿಯನ್ನು ಮ್ಯಾನ್ಯುಯಲ್ಲಿನಲ್ಲಿ ಭಾರಕ್ಕೆ ಕೊಟ್ಟ ಮಟ್ಟಕ್ಕೆ, ಟೈರು ತಣ್ಣಗಿರುವಾಗ ಹಾಕಿಸು. ಇಲ್ಲದಿದ್ದರೆ ಹಿಂಭಾಗ ಕುಸಿದು ಹೆಡ್‌ಲೈಟು ಎದುರಿಗೆ ಬರುವವರ ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು ತೊಂದರೆ ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸುವಾಗ ಬರುತ್ತದೆ. ಗಾಡಿ ಕುಸಿದರೂ ಸ್ಟ್ಯಾಂಡಿನ ಉದ್ದ ಅಷ್ಟೇ ಇರುತ್ತದಲ್ಲ, ಗಾಡಿ ವಾಲುವ ಬದಲು ಸೆಟೆದು ನಿಲ್ಲುತ್ತದೆ. ನೆಲ ಸ್ವಲ್ಪ ಬಲಕ್ಕೆ ಇಳಿಜಾರಿದ್ದರೂ ಬಲಕ್ಕೆ ಮಗುಚಿಕೊಳ್ಳುತ್ತದೆ. ಟೇಲ್ ಬ್ಯಾಗು ಇದ್ದಾಗ ಕಾಲು ಬೀಸಿ ಹತ್ತುವ ಅಭ್ಯಾಸವನ್ನೂ ಬಿಡಬೇಕು. ಮೊಣಕಾಲು ಮಡಿಚಿ ಸೀಟಿನ ಮೇಲಿಂದ ದಾಟಿಸು. ಬೂಟು ಬ್ಯಾಗಿಗೆ ತಾಗಿದರೆ ನೀನೂ ಗಾಡಿಯೂ ಒಟ್ಟಿಗೇ ನೆಲಕ್ಕೆ.

ಹೊರಡುವ ಹಿಂದಿನ ದಿನ ಪೂರ್ತಿ ಸಾಮಾನು ತುಂಬಿ ಒಂದು ಸುತ್ತು ಹೋಗಿ ಬಾ. ಖಾಲಿ ಜಾಗ ಹುಡುಕಿ ಬ್ರೇಕು ಹಿಡಿದು ನೋಡು, ನಿಧಾನಕ್ಕೆ ಯೂ ಟರ್ನ್ ಮಾಡು. ಹೊರಟ ದಿನ 50 ಕಿಲೋಮೀಟರ್ ಆದಮೇಲೆ ನಿಲ್ಲಿಸಿ ಪಟ್ಟಿಗಳನ್ನು ಬಿಗಿ ಮಾಡು. ಸಾಮಾನು ಒಳಗೆ ಕೂತು ಪಟ್ಟಿ ಸಡಿಲ ಆಗಿರುತ್ತದೆ. ಆಗಲೇ ಬ್ಯಾಗಿನ ತಳವನ್ನು ಕೈಯಲ್ಲಿ ಮುಟ್ಟಿ ನೋಡು. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಮುಂದೆ ಹೋಗಬೇಡ, ಅಲ್ಲೇ ಬಿಚ್ಚಿ ಮೇಲಕ್ಕೆ ಕಟ್ಟು. ಹಿಂದೆ ಹೋಗಿ ನಿಂತು ಇಂಡಿಕೇಟರ್, ಬ್ರೇಕ್ ಲೈಟು, ನಂಬರ್ ಪ್ಲೇಟು ಕಾಣುತ್ತವಾ ಅಂತಲೂ ನೋಡಿಕೋ.

ಮೆತ್ತನೆಯ ಬ್ಯಾಗಿಗೆ ಬೀಗ ಹಾಕಿದರೂ ಒಂದು ಬ್ಲೇಡು ಸಾಕು ಕತ್ತರಿಸೋಕೆ. ಕಾಗದಪತ್ರ, ದುಡ್ಡು, ಫೋನು ಟ್ಯಾಂಕ್ ಬ್ಯಾಗಿನಲ್ಲಿರಲಿ. ಗಾಡಿ ಬಿಟ್ಟು ಎಲ್ಲಿಗೆ ಹೋದರೂ ಅದನ್ನು ಹೆಗಲಿಗೆ ಹಾಕಿಕೊಂಡು ಹೋಗು.

ಸೈಲೆನ್ಸರಿನಿಂದ ಸೀಟಿನ ಅಂಚಿನವರೆಗೆ ಎಷ್ಟು ಸೆಂಟಿಮೀಟರ್ ಇದೆ ಅಂತ ಟೇಪ್ ಹಿಡಿದು ಅಳೆದು ಕಳಿಸು. ಆಮೇಲೆ ಲೀಟರಿನ ಮಾತಾಡೋಣ.

ಇಂತಿ,
ಅಮ್ಮ