ಸಬ್ಸಿಡಿ ತಪ್ಪಿಹೋಗುತ್ತೆ ಅನ್ನೋ ಭಯಕ್ಕೆ

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದ.

ಕಾಗದದಲ್ಲಿ ಮಿಕ್ಕಿದ್ದೆಲ್ಲ ಸರಿ, ಒಂದು ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. "ಈ ವರ್ಷ ಡ್ರಿಪ್ ಸಬ್ಸಿಡಿ ತಗೊಂಡು ರಾಗಿ ಹೊಲ ಪೂರ್ತಿ ಅಡಿಕೆ ಮಾಡದಿದ್ರೆ ಊರಲ್ಲಿ ನಾನೊಬ್ನೇ ಹಿಂದೆ ಉಳಿದುಬಿಡ್ತೀನಿ ಅಂತ ಭಯ" ಅಂತ ಬರೆದಿದ್ದೀಯಲ್ಲ, ಅದು.

ಅಡಿಕೆ ಬೇಡ ಅಂತ ಹೇಳೋಕೆ ಹೊರಟಿಲ್ಲ. ಅರಸೀಕೆರೆ ಕಡೆ, ಕಡೂರು ಕಡೆ ಬಸ್ಸಲ್ಲಿ ಹೋದರೆ ನನಗೂ ಕಾಣುತ್ತೆ, ರಾಗಿ, ಹುರುಳಿ ಇದ್ದ ಜಾಗದಲ್ಲೆಲ್ಲ ಅಡಿಕೆ ಸಸಿ. ರೇಟು ಹಾಗಿದೆ, ಯಾರನ್ನೂ ತಪ್ಪು ಅನ್ನೋಕಾಗಲ್ಲ. ಆದರೆ ಸರ್ಕಾರ ಕೊಡೋದು ಪೈಪಿಗೆ, ನೀರಿಗಲ್ಲ. ಬೇಸಿಗೆಯಲ್ಲಿ ಒಂದು ಅಡಿಕೆ ಗಿಡಕ್ಕೆ ದಿನಕ್ಕೆ 15-20 ಲೀಟರ್ ಬೇಕು. ಎಕರೆಗೆ 500 ಗಿಡ ಅಂದರೂ ದಿನಾ ಏಳೂವರೆಯಿಂದ ಹತ್ತು ಸಾವಿರ ಲೀಟರ್ ಆಯಿತು. ಐದಾರು ವರ್ಷ ಫಸಲೂ ಇಲ್ಲ, ನೀರು ಮಾತ್ರ ಬಿಡುವಂತಿಲ್ಲ. ನಿಮ್ಮ ಬೋರ್ ಏಪ್ರಿಲ್‌ನಲ್ಲಿ ಅಷ್ಟು ಕೊಡುತ್ತಾ?

2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಫ್ರೀ. ಅದರಿಂದ ಬದುಕಿದವರು ತುಂಬಾ ಜನ, ನಾವೂ ಅದರಲ್ಲೇ ಬದುಕಿದ್ದು. ಆದರೆ ಬಿಲ್ ಬರಲ್ಲ ಅಂತ ಎಲ್ಲರೂ ನೀರು ಎತ್ತಿದ್ದೇ ಎತ್ತಿದ್ದು, ಪಕ್ಕದ ತೋಟದ ಬೋರ್ 800 ಅಡಿಗೆ ಇಳಿದ ವರ್ಷ ನಮ್ಮದು ನಿಂತೇ ಹೋಯಿತು.

ಇಲ್ಲಿ ಆಲೂಗಡ್ಡೆ ಕಾಲದಲ್ಲೂ ಇದೇ ಭಯ ಇತ್ತು ಕಣೋ. ಜಲಂಧರ್‌ನಿಂದ ಬಿತ್ತನೆ ಗಡ್ಡೆ ಲಾರಿ ಹಾಸನಕ್ಕೆ ಬಂತು ಅಂದರೆ ಊರಿಗೆ ಊರೇ ಓಡುತ್ತಿತ್ತು, ಇವತ್ತು ಹೋಗದಿದ್ದರೆ ಮುಗೀತು ಅನ್ನೋ ಹಾಗೆ. ನಿಮ್ಮ ಮಾವನೂ ಓಡುತ್ತಿದ್ದರು. ಗಡ್ಡೆ ಸಬ್ಸಿಡಿಯಲ್ಲಿ ಸ್ವಲ್ಪ ಕಮ್ಮಿಗೆ ಸಿಕ್ಕ ವರ್ಷಗಳೂ ಇದ್ದವು. ಆಮೇಲೆ ಮಳೆ ಹಿಡಿದು ಅಂಗಮಾರಿ ರೋಗ ಬಂದರೆ ಔಷಧಿ ಖರ್ಚು, ಆಳಿನ ಖರ್ಚು ಎಲ್ಲಾ ನಮ್ಮ ತಲೆಗೇ. ಒಂದೇ ವಾರಕ್ಕೆ ಹೊಲ ಕಪ್ಪಾಗುತ್ತಿತ್ತು. ಈಗ ಆ ಹೊಲಗಳಲ್ಲಿ ಜಾಸ್ತಿ ಮುಸುಕಿನ ಜೋಳ, ಕೆಲವು ಶುಂಠಿಗೆ ಗುತ್ತಿಗೆ. ಆ ವರ್ಷಗಳಲ್ಲಿ ನಿಮ್ಮ ಮಾವ ನಗುನಗುತ್ತಾ ಕೂತು ಊಟ ಮಾಡಿದ್ದೇ ನೆನಪಿಲ್ಲ. ಅವರು ಹೋದ ಮೇಲೆ ಅದೇ ಕೊರಗು ನನಗೆ. ನಿನ್ನ ಕಾಗದ ಓದುವಾಗ ಅದೆಲ್ಲಾ ಬಂತು, ವಿಷಯ ಬಿಟ್ಟು ಎಲ್ಲೋ ಹೋದೆ.

ಹಿಂದೆ ಉಳಿಯೋದು ಅಂದೆಯಲ್ಲ. ರಾಗಿ ಹೊಲದಲ್ಲಿ ಮಧ್ಯೆ ಮಧ್ಯೆ ಬಿಡೋ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು ಬರುತ್ತೆ, ಹುಲ್ಲು ಹಸುವಿಗೆ ಆಗುತ್ತೆ. ಹೊಲ ಪೂರ್ತಿ ಅಡಿಕೆ ಆದ ಮೇಲೆ ಮೇವು ದುಡ್ಡು ಕೊಟ್ಟು ತರಬೇಕು, ಆಗ ಡೇರಿ ದುಡ್ಡಲ್ಲಿ ಏನು ಉಳಿಯುತ್ತೆ? ರಾಗಿಗೂ ಬೆಲೆ ಇಲ್ಲದೇನಿಲ್ಲ, 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 4886 ರೂಪಾಯಿ. ಅಡಿಕೆಗೆ ಸಮ ಅಲ್ಲ, ಗೊತ್ತು. ಆದರೆ ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ, ಎಲೆಚುಕ್ಕಿ ಬಂದು ತಲೆತಲಾಂತರದ ತೋಟದವರೇ ಏನು ಪಾಡು ಪಡುತ್ತಿದ್ದಾರೆ ಅಂತ ಒಮ್ಮೆ ಹೋಗಿ ನೋಡಿಕೊಂಡು ಬಾ. ಅದೂ ಅವರದು ಮಳೆ ಚೆನ್ನಾಗಿ ಬೀಳೋ ಸೀಮೆ.

ನನ್ನ ಮಾತೇ ನಡೆಯಬೇಕು ಅಂತಿಲ್ಲ, ಸುಮ್ನೆ ಹೇಳ್ತೀನಿ. ಹಾಕೋದೇ ಆದರೆ ಬೋರ್ ಹತ್ತಿರದ ಒಂದು ಎಕರೆಗೆ ಹಾಕು. ಮಿಕ್ಕಿದ್ದು ರಾಗಿಗೇ ಇರಲಿ. ಸಬ್ಸಿಡಿ ಮುಂದಿನ ವರ್ಷ ಇರುತ್ತಾ ಅಂದರೆ ನಾನು ಹೇಳಲಾರೆ, ಆದರೆ ಅದು ಹೋಗುತ್ತೆ ಅಂತ ಹೆದರಿ ಇಡೀ ಹೊಲ ಅಗೆಸಬೇಡ. ಫ್ರೂಟ್ಸ್ ಐಡಿ, ಅದೇ ಸರ್ಕಾರದ ರೈತರ ನೋಂದಣಿ ನಂಬರ್, ಸರಿ ಇದೆಯಾ, ಬೆಳೆ ಸಮೀಕ್ಷೆಯಲ್ಲಿ ರಾಗಿ ಅಂತಲೇ ಬಂದಿದೆಯಾ ನೋಡಿಕೋ, ಇಲ್ಲದಿದ್ದರೆ ಬೆಂಬಲ ಬೆಲೆಗೆ ರಾಗಿ ತಗೊಳ್ಳೋ ಖರೀದಿ ಕೇಂದ್ರದಲ್ಲಿ ವಾಪಸ್ ಕಳಿಸ್ತಾರೆ. ಇದೆಲ್ಲ ನಿನಗೇ ಗೊತ್ತಿರಬಹುದು.

ಅರ್ಜಿ ಕೊಡೋ ಮುಂಚೆ ಬೇಸಿಗೆಯಲ್ಲಿ ಬೋರ್ ಎಷ್ಟು ಹೊತ್ತು ಎಳೆಯುತ್ತೆ ಅಂತ ಬರೆದಿಟ್ಟುಕೊಂಡು ನನಗೊಂದು ಫೋನ್ ಮಾಡು. ಆಮೇಲೂ ಪೂರ್ತಿ ಅಡಿಕೆನೇ ಅಂದರೆ ನಾನು ಸಿಟ್ಟು ಮಾಡ್ಕೊಳ್ಳಲ್ಲ.

ನಿನ್ನ ಅತ್ತೆ